ಕಥಾವಸ್ತು ಮತ್ತು ಪಾತ್ರ: ಬೋಧನೆಯ ಒಂದು ಸಮಸ್ಯೆ

ಕೆಲವು ವರ್ಷಗಳ ಹಿಂದೆ, ಕೊಡಗು ಸಂಸ್ಥಾನದ ಪತನಕ್ಕೆ ಕಾರಣಗಳನ್ನು ವಿವರಿಸಬೇಕೆಂದು ನಮ್ಮ ಪದವಿ ತರಗತಿಯವರಿಗೆ ಒಂದು ಪ್ರಶ್ನೆಯನ್ನು ಕೊಟ್ಟಿದ್ದೆವು. ಒಬ್ಬ ವಿದ್ಯಾರ್ಥಿಯ ಉತ್ತರದಲ್ಲಿ ಎರಡು ವಾಕ್ಯಗಳು ಒಂದರ ಕೆಳಗೊಂದು ಇದ್ದವು. ಮಂತ್ರಿಯಾದ ಕುಂಟಬಸವನು ನಿಜವಾಗಿ ಲಿಂಗರಾಜನಿಗೆ ಹುಟ್ಟಿದವನಾಗಿದ್ದುದರಿಂದ ಅರಮನೆಯಲ್ಲಿ ಅವನ ಪ್ರಾಬಲ್ಯ ಬೆಳೆಯಿತೆಂಬುದು ಮೊದಲನೆಯದು. ಅರಸನ ಕ್ರೌರ್ಯದಿಂದ ಬೇಸತ್ತ ಕೊಡಗಿನ ಪ್ರಜೆಗಳೆಲ್ಲರೂ ಏಕಮತದಿಂದ ಕಂಪನಿ ಸರ್ಕಾರದ ಆಶ್ರಯವನ್ನು ಬಯಸಿದುದರಿಂದ ಆಂಗ್ಲರು ಆ ನಾಡನ್ನು ವಹಿಸಿಕೊಂಡರೆಂಬುದು ಎರಡನೆಯದು. ಮೊದಲನೆಯ ವಾಕ್ಯವನ್ನು ನಾವು ಕೆಂಪು ಶಾಯಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ‘ಇದು ಕಾದಂಬರಿ’ ಎಂದು ಬರೆದೆವು. ಎರಡನೆಯದಕ್ಕೆ ಸರಿ ಗುರುತು ಹಾಕಿ ಅಂಕವನ್ನು ಕೊಟ್ಟೆವು. ಆ ವಿದ್ಯಾರ್ಥಿ ಮರುದಿನ ಬಂದು, ‘ಎರಡನೆಯದೂ ಯಾರೋ ಕಟ್ಟಿದ ಕಥೆಯೇ ಅಲ್ಲವೇ ಸಾರ್?’ ಎಂದು ಕೇಳಲಿಲ್ಲ. ಕೇಳಿದ್ದರೆ ನಮಗೆ ದೊಡ್ಡ ಉಪಕಾರವಾಗುತ್ತಿತ್ತು. ಆ ಸಂಶಯವು ನಮಗೆ ನಾವೇ ಹುಟ್ಟಿಸಿಕೊಳ್ಳಬೇಕಾಗಿ ಬಂದು, ಅದಕ್ಕೆ ಒಂದು ವರ್ಷವೇ ಹಿಡಿಯಿತು.

ಇತಿಹಾಸದ ಅಧ್ಯಾಪಕರು ಕಥೆಯ ಲಕ್ಷಣಗಳನ್ನು ಕುರಿತು ಬರೆಯಹೊರಟುದು ಅಧಿಕಪ್ರಸಂಗವೆಂದು ಸಾಹಿತ್ಯ ವಿಭಾಗದ ಮಿತ್ರರಿಗೆ ತೋರಬಹುದು. ಕಾವ್ಯಮೀಮಾಂಸೆಯಲ್ಲಿ ನಮಗೆ ವಿಶೇಷ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಕಥಾವಸ್ತುವೆಂದರೇನು, ಪಾತ್ರವೆಂದರೇನು ಎಂಬುದನ್ನು ವಿದ್ಯಾರ್ಥಿಯು ಭಾಷಾ ತರಗತಿಯಲ್ಲಿ ಹೇಗೆ ಕಲಿತಿರುವನೋ ಹಾಗೆಯೇ ಅವನು ನಮ್ಮ ತರಗತಿಯಲ್ಲಿ ರಾಜ್ಯಗಳ ಏಳುಬೀಳುಗಳನ್ನೂ ಅರ್ಥಮಾಡಿಕೊಳ್ಳುತ್ತಾನೆ. ಅಲ್ಲಿ ತಪ್ಪಿದರೆ ಅದರ ಫಲವನ್ನು ಉಣ್ಣುವವರಲ್ಲಿ ನಾವೂ ಸೇರಿದ್ದೇವೆ. ಆದುದರಿಂದ ಈ ವಿಷಯವನ್ನು ನಮ್ಮ ಕಡೆಯಿಂದ ನೋಡಿ, ತರಗತಿಯಲ್ಲಿ ನಾವು ಮಾಡಿದ ಒಂದು ಪ್ರಯತ್ನವನ್ನೂ ಅದರಲ್ಲಿ ಕಂಡ ತೊಡಕುಗಳನ್ನೂ ಇಲ್ಲಿ ನಿವೇದಿಸುತ್ತೇವೆ.

ಈಗ ನಡೆದಿರುವ ಪದ್ಧತಿ ಎಲ್ಲರಿಗೂ ತಿಳಿದುದೇ. ಪಠ್ಯವಾಗಿ ಗೊತ್ತಾದ ಕಾದಂಬರಿಯನ್ನೋ ನಾಟಕವನ್ನೋ ಕುರಿತು ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಒಂದು, ‘ಕಥಾಸಾರವನ್ನು ಬರೆಯಿರಿ’; ಇನ್ನೊಂದು, ‘ಇಂಥವರ ಪಾತ್ರವನ್ನು ಚಿತ್ರಿಸಿ’. ಗೈಡುಗಳನ್ನು ಬರೆಯುವವರು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಅಚ್ಚುಹಾಕಿಸಿರುತ್ತಾರೆ. ಮೊದಲನೆಯ ಅಧ್ಯಾಯದಲ್ಲಿ ಘಟನೆಗಳು ‘ಅನಂತರ’, ‘ತರುವಾಯ’, ‘ಆಮೇಲೆ’ ಎಂಬ ಮೂರು ಮಾತುಗಳ ಬಲದಿಂದ ಸಾಲಾಗಿ ನಿಲ್ಲುತ್ತವೆ. ಎರಡನೆಯದರಲ್ಲಿ ಗುಣವಾಚಕಗಳು ನಿಲ್ಲುತ್ತವೆ: ಧೀರ, ಉದಾರಿ, ಸ್ವಾಮಿಭಕ್ತ, ಮುಂಗೋಪಿ. ಆ ಗುಣಗಳಿಲ್ಲದಿದ್ದರೆ ಈ ಘಟನೆಗಳು ನಡೆಯುತ್ತಿದ್ದವೇ, ಈ ಘಟನೆಗಳು ಬಾರದಿದ್ದರೆ ಆ ಗುಣಗಳು ನಮಗೆ ಕಾಣುತ್ತಿದ್ದವೇ ಎಂಬ ಪ್ರಶ್ನೆ ಎರಡು ಅಧ್ಯಾಯಗಳ ನಡುವಿನ ಬಿಳಿಯ ಹಾಳೆಯಲ್ಲಿ ಬಿದ್ದು ಕಳೆದುಹೋಗುತ್ತದೆ. ವಿದ್ಯಾರ್ಥಿ ಕಥೆಯನ್ನೂ ಬಲ್ಲ, ಪಾತ್ರವನ್ನೂ ಬಲ್ಲ. ಎರಡೂ ಕೂಡುವ ಕಡೆಯನ್ನು ಮಾತ್ರ ಅರಿಯ.

ಈ ಕೊರತೆಯನ್ನು ತುಂಬಲೆಂದು ಕೆಲವರು ಜರ್ಮನ್ ವಿದ್ವಾಂಸನಾದ ಫ್ರೈಟಾಗನ ಶಿಖರರೇಖೆಯನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಏರುವ ಗೆರೆ, ತುದಿ, ಇಳಿಯುವ ಗೆರೆ. ೧೮೬೩ರಲ್ಲಿ ಅವನು ಅದನ್ನು ಹೇಳಿದುದು ರುದ್ರನಾಟಕಗಳ ಅಂಕವಿನ್ಯಾಸವನ್ನು ಕಣ್ಣಮುಂದಿಟ್ಟುಕೊಂಡು. ಅದನ್ನು ಸಣ್ಣಕಥೆಗೂ ಕಾದಂಬರಿಗೂ ಹೊಂದಿಸಿದಾಗ ವಿದ್ಯಾರ್ಥಿಗಳು ಮಾಡುವ ಕೆಲಸವೆಂದರೆ ತುದಿ ಯಾವ ಪುಟದಲ್ಲಿದೆ ಎಂದು ಹುಡುಕುವುದು. ಮತ್ತೆ ಕೆಲವರು ನಮ್ಮ ಪ್ರಾಚೀನರ ಕಡೆಗೆ ತಿರುಗಿ, ಐದು ಅರ್ಥಪ್ರಕೃತಿಗಳು, ಐದು ಅವಸ್ಥೆಗಳು, ಐದು ಸಂಧಿಗಳು ಎಂದು ಬಾಯಿಪಾಠ ಮಾಡಿಸುತ್ತಾರೆ. ಬಾಯಿಪಾಠವೇನೋ ಸೊಗಸಾಗಿಯೇ ಬರುತ್ತದೆ.

ಇದರಲ್ಲಿ ಪ್ರಾಚೀನರ ತಪ್ಪೇನೂ ಇಲ್ಲವೆಂದು ನಮ್ಮ ಅಭಿಪ್ರಾಯ. ಭರತನೂ ಅವನನ್ನು ಅನುಸರಿಸಿ ಹತ್ತನೆಯ ಶತಮಾನದ ಧನಂಜಯನೂ ಹೇಳುವ ಆರಂಭ, ಪ್ರಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ಸ್ವಲ್ಪ ನಿಂತು ನೋಡಿದರೆ, ಅವು ಬರಿಯ ಘಟನೆಗಳ ಹೆಸರುಗಳಲ್ಲವೆಂಬುದು ಗೊತ್ತಾಗುತ್ತದೆ. ಅವು ಫಲವನ್ನು ಬಯಸಿ ಕಾರ್ಯವನ್ನು ತೊಡಗಿದವನೊಬ್ಬನ ಕಾರ್ಯದ ಅವಸ್ಥೆಗಳು. ಬಯಸುವವನು ಇಲ್ಲದೆ ಆರಂಭವಿಲ್ಲ. ಅವನು ಹೇಗೆ ಬಯಸುವನೆಂಬುದನ್ನು ಬಿಟ್ಟು ಪ್ರಯತ್ನವಿಲ್ಲ. ಎಂದರೆ ವಸ್ತುವಿನ ಲಕ್ಷಣದೊಳಗೇ ನೇತೃವು ಕುಳಿತಿದ್ದಾನೆ. ಅರಿಸ್ಟಾಟಲನು ವಸ್ತುವಿಗೆ ಮೊದಲ ಸ್ಥಾನವನ್ನೂ ಶೀಲಕ್ಕೆ ಎರಡನೆಯದನ್ನೂ ಕೊಟ್ಟನೆಂದು ತರಗತಿಗಳಲ್ಲಿ ಹೇಳಿ ನಿಲ್ಲಿಸುವುದುಂಟು. ಆದರೆ ಆತನು ವಸ್ತುವೆಂದುದು ಕ್ರಿಯೆಯ ಜೋಡಣೆಯನ್ನು. ಶೀಲವು ಹೊರಬೀಳುವುದು ಮನುಷ್ಯನು ಏನನ್ನು ಆರಿಸುವನು, ಏನನ್ನು ತೊರೆಯುವನು ಎಂಬುದರಲ್ಲಿ ಎಂಬುದೂ ಆತನ ಮತವೇ. ಆರಿಸುವಿಕೆ ಎಂಬ ಈ ಒಂದು ಬಿಂದುವಿನಲ್ಲಿ ಕಥೆಯೂ ಪಾತ್ರವೂ ಒಂದಾಗುತ್ತವೆ. ಬೋಧನೆಯನ್ನು ಅಲ್ಲಿಂದ ತೊಡಗಬೇಕೆಂಬುದೇ ನಮ್ಮ ವಾದ.

ಇದಕ್ಕೆ ಮೊದಲ ಪಾಠವಾಗಿ ನಾವು ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆಯನ್ನು ತೆಗೆದುಕೊಂಡೆವು. ಕೆಂಪುನಾರಾಯಣನು ೧೮೨೩ರಲ್ಲಿ ‘ಮುದ್ರಾಮಂಜೂಷ’ ಎಂಬ ಹೆಸರಿನಿಂದ ಇದೇ ವಸ್ತುವನ್ನು ಕನ್ನಡ ಗದ್ಯಕ್ಕೆ ತಂದಿರುವುದರಿಂದ ಕನ್ನಡದ ವಿದ್ಯಾರ್ಥಿಗಳಿಗೆ ಇದು ದೂರದ್ದಲ್ಲ. ಇತಿಹಾಸದವರಿಗೆ ಇನ್ನೊಂದು ಅನುಕೂಲವಿದೆ. ನಂದರು ಅಳಿದು ಮೌರ್ಯ ಚಂದ್ರಗುಪ್ತನು ಮಗಧದ ಗದ್ದುಗೆಯನ್ನೇರಿದನೆಂಬುದು ಚರಿತ್ರೆ. ಆದರೆ ಅಮಾತ್ಯ ರಾಕ್ಷಸನ ವಿಷಯದಲ್ಲಿ ಚರಿತ್ರಕಾರನ ಕೈಯಲ್ಲಿ ಏನೂ ಇಲ್ಲ. ಹಾಗಿದ್ದೂ ನಾಟಕವನ್ನು ಓದಿದವರಿಗೆ ಚಂದ್ರಗುಪ್ತನಿಗಿಂತ ರಾಕ್ಷಸನೇ ಹೆಚ್ಚು ಪರಿಚಿತ. ಇದು ಹೇಗಾಯಿತೆಂದು ವಿದ್ಯಾರ್ಥಿಗಳನ್ನು ಕೇಳಿದೆವು.

ಚಾಣಕ್ಯನಿಗೆ ಬೇಕಾದುದು ರಾಕ್ಷಸನ ತಲೆಯಲ್ಲ, ರಾಕ್ಷಸನೇ. ಅವನು ಚಂದ್ರಗುಪ್ತನಿಗೆ ಮಂತ್ರಿಯಾಗಬೇಕು. ಇದಕ್ಕಾಗಿ ಗೂಢಚಾರರು, ಕೈಗೆ ಸಿಕ್ಕಿದ ಮುದ್ರೆಯುಂಗುರ, ಕಪಟಪತ್ರ, ಆಭರಣಗಳು, ಮಲಯಕೇತುವಿನ ಮನಸ್ಸಿನಲ್ಲಿ ಬಿತ್ತಿದ ಸಂಶಯ, ಹೀಗೆ ಒಂದು ಜಾಲವನ್ನೇ ಹೆಣೆಯುತ್ತಾನೆ. ವಿದ್ಯಾರ್ಥಿಗಳು ಇದನ್ನೇ ಕಥಾವಸ್ತುವೆಂದು ಬರೆದುಕೊಂಡರು. ಆಗ ನಾವು ಕೇಳಿದ ಪ್ರಶ್ನೆ ಒಂದೇ: ರಾಕ್ಷಸನು ತನ್ನ ಪ್ರಾಣವನ್ನು ಹೆಚ್ಚಾಗಿ ಪ್ರೀತಿಸುವವನಾಗಿದ್ದರೆ ಈ ಜಾಲದ ಗತಿಯೇನು? ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಬಳಿಕ ಹಿಂದಿನ ಬೆಂಚಿನಿಂದ ಒಬ್ಬಾಕೆ, ‘ಆಗ ಅವನು ಓಡಿಹೋಗುತ್ತಿದ್ದ, ನಾಟಕವೇ ಇಲ್ಲ’ ಎಂದಳು. ಸರಿಯಾದ ಮಾತು. ತನ್ನ ಹೆಂಡತಿಮಕ್ಕಳಿಗೆ ಆಶ್ರಯ ಕೊಟ್ಟ ಚಂದನದಾಸನನ್ನು ವಧ್ಯಸ್ಥಾನಕ್ಕೆ ಒಯ್ಯುವುದನ್ನು ಕೇಳಿ, ಸ್ನೇಹಿತನನ್ನು ಬಿಡಿಸಲು ತಾನಾಗಿ ಬಂದು ಶತ್ರುವಿನ ಕೈಗೆ ಸಿಕ್ಕುವಂಥವನು ರಾಕ್ಷಸನೆಂದು ಚಾಣಕ್ಯನು ಬಲ್ಲ. ಅವನ ಜಾಲದ ಕೊನೆಯ ಗಂಟು ಉಂಗುರದಲ್ಲಿಲ್ಲ, ಪತ್ರದಲ್ಲಿಲ್ಲ, ರಾಕ್ಷಸನ ಶೀಲದಲ್ಲಿದೆ. ಸೋಲುವುದಕ್ಕೆ ಕಾರಣವಾದುದು ಅವನಲ್ಲಿದ್ದ ದೋಷವಲ್ಲ, ಗುಣ. ಈ ಒಂದು ಗಂಟೆಯಲ್ಲಿ ಆದ ಕೆಲಸವು ‘ಸ್ವಾಮಿಭಕ್ತ, ಮಿತ್ರವತ್ಸಲ’ ಎಂದು ನೂರು ಸಲ ಬರೆಸಿದರೂ ಆಗುತ್ತಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಎರಡನೆಯ ಪಾಠಕ್ಕೆ ಕೊಡಗಿಗೆ ಬಂದೆವು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ೧೯೫೬ರಲ್ಲಿ ಪ್ರಕಟವಾದ ಕಾದಂಬರಿ. ೧೯೮೩ರ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ಅದರ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂದಿತು. ಪುಸ್ತಕವನ್ನು ತೆರೆಯುವ ಮುನ್ನ ನಾವು ಅದರ ಹಿಂದಿರುವ ಚರಿತ್ರೆಯನ್ನು ಒಣ ವಾಕ್ಯಗಳಲ್ಲಿ, ‘ಆದುದರಿಂದ’ ಎಂಬ ಮಾತು ಒಂದು ಸಲವೂ ಬಾರದಂತೆ, ಬರೆದುಕೊಟ್ಟೆವು. ದೊಡ್ಡವೀರರಾಜೇಂದ್ರನು ೧೭೯೦ರಲ್ಲಿ ಟಿಪ್ಪುವಿಗೆ ಎದುರಾಗಿ ಕಂಪನಿಯೊಡನೆ ಸ್ನೇಹ ಮಾಡಿಕೊಂಡ. ಅವನಿಗೆ ಗಂಡುಮಕ್ಕಳಿಲ್ಲ; ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ. ಅವನು ೧೮೦೯ರಲ್ಲಿ ತೀರಿಕೊಂಡ. ೧೮೧೧ರಲ್ಲಿ ಅವನ ತಮ್ಮ ಲಿಂಗರಾಜ ತಾನೇ ಅರಸನಾದ. ೧೮೨೦ರಲ್ಲಿ ಲಿಂಗರಾಜನ ಮಗ ಚಿಕವೀರರಾಜೇಂದ್ರ ಪಟ್ಟಕ್ಕೆ ಬಂದ. ೧೮೩೨ರಲ್ಲಿ ಅವನ ಸಹೋದರಿ ದೇವಮ್ಮಾಜಿ, ಗಂಡ ಚೆನ್ನಬಸವನೊಡನೆ ಗಡಿ ದಾಟಿ ಮೈಸೂರಿನ ರೆಸಿಡೆಂಟನ ಆಶ್ರಯಕ್ಕೆ ಹೋದಳು. (ಇಬ್ಬರು ದೇವಮ್ಮಾಜಿಯರು ಬಂದುದರಿಂದ ತರಗತಿಯಲ್ಲಿ ಆದ ಗಲಿಬಿಲಿಯನ್ನು ಹೇಳತೀರದು.) ಅರಸ ಅವರನ್ನು ತನಗೊಪ್ಪಿಸಬೇಕೆಂದ, ರೆಸಿಡೆಂಟ್ ಒಪ್ಪಲಿಲ್ಲ. ಅರಸ ಕಂಪನಿಯ ಕಡೆಯಿಂದ ಬಂದ ದೂತನನ್ನು ತಡೆದಿಟ್ಟುಕೊಂಡ. ೧೮೩೪ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ದಿವಾನ ಅಪ್ಪಾರಂಡ ಬೋಪು ಕರ್ನಲ್ ಫ್ರೇಜರನನ್ನು ಎದುರಿಸದೆ ಅವನ ದಳದೊಡನೆ ಮಡಿಕೇರಿಗೆ ಬಂದ. ನಾಲ್ಕುನಾಡಿನ ಅರಮನೆಯಲ್ಲಿದ್ದ ಅರಸ ಶರಣಾದ. ಅಷ್ಟು ಹೊತ್ತಿಗೆ ಕುಂಟಬಸವ ಸತ್ತಿದ್ದ. ಮೇ ತಿಂಗಳಲ್ಲಿ ಕೊಡಗು ಕಂಪನಿಯ ಆಡಳಿತಕ್ಕೆ ಸೇರಿದುದಾಗಿ ಫ್ರೇಜರನು ಘೋಷಣೆ ಹೊರಡಿಸಿದ.

ಇದನ್ನು ಕಥೆಯಾಗಿ ಕಟ್ಟಿರಿ ಎಂದೆವು. ಬಂದ ಬರೆಹಗಳಲ್ಲಿ ಮುಕ್ಕಾಲುಪಾಲು ಒಂದೇ ಅಚ್ಚಿನವು: ಅರಸ ದುಷ್ಟನಾಗಿದ್ದ, ಆದುದರಿಂದ ರಾಜ್ಯ ಹೋಯಿತು. ಇದು ನೀತಿಯಾದೀತು, ಕಥೆಯಾಗದು. ಅರಸ ಪಟ್ಟಕ್ಕೆ ಬಂದುದು ೧೮೨೦ರಲ್ಲಿ. ಅವನ ದೌಷ್ಟ್ಯವೇ ಸಾಕಾದ ಕಾರಣವಾಗಿದ್ದರೆ ರಾಜ್ಯ ಹದಿನಾಲ್ಕು ವರ್ಷ ಏಕೆ ಉಳಿಯಿತು? ಆ ವರ್ಷವೇ ಏಕೆ, ಆ ತಿಂಗಳೇ ಏಕೆ? ‘ಏಕೆ’ ಎಂಬ ಪ್ರಶ್ನೆಯ ಜೊತೆಗೆ ‘ಆಗಲೇ ಏಕೆ’ ಎಂಬ ಪ್ರಶ್ನೆಯನ್ನೂ ಕೇಳಿದ ಹೊರತು ವಸ್ತುವು ಹುಟ್ಟುವುದಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ, ಅರಸನನ್ನು ಬಿಟ್ಟು ಅವನ ಸುತ್ತಲಿನವರ ಕಡೆಗೆ ವಿದ್ಯಾರ್ಥಿಗಳ ದೃಷ್ಟಿ ತಾನಾಗಿಯೇ ತಿರುಗಿತು. ಗಡಿ ದಾಟಿದ ಸಹೋದರಿ ಯಾರು, ಆ ರಾತ್ರಿ ಅವಳಿಗೆ ಇನ್ನಾವ ದಾರಿಯಿತ್ತು? ಬೋಪು ಎದುರಿಸದೆ ಹೋದುದೇಕೆ?

ಬೋಪುವಿನ ವಿಷಯ ನಮಗೆ ಬಹಳ ಬೆಳೆಯಿತು. ಅವನು ಮಾಡಿದುದು ಗೊತ್ತು. ಮಾಡುವಾಗ ಅವನ ಮನಸ್ಸಿನಲ್ಲಿದ್ದುದನ್ನು ಹೇಳುವ ಕಾಗದ ಇತಿಹಾಸದಲ್ಲಿ ಇಲ್ಲ. ವಿದ್ಯಾರ್ಥಿಗಳು ಮೂರು ಗುಂಪಾದರು. ಅರಸನಿಂದ ಆದ ಯಾವುದೋ ನೋವು ಅವನನ್ನು ತಿರುಗಿಸಿತೆಂದು ಒಂದು ಗುಂಪು. ಶ್ರೀರಂಗಪಟ್ಟಣವನ್ನೇ ೧೭೯೯ರಲ್ಲಿ ಗೆದ್ದವರ ಮುಂದೆ ಕೊಡಗು ನಿಲ್ಲದೆಂದು ಲೆಕ್ಕ ಹಾಕಿ ನಾಡಿನ ಜನರ ಪ್ರಾಣವನ್ನು ಉಳಿಸಿದನೆಂದು ಇನ್ನೊಂದು. ಅರಸನೇ ಕೊನೆಯ ಗಳಿಗೆಯಲ್ಲಿ ಮನಸ್ಸು ತಿರುಗಿ ಸಂಧಿಗೆ ಒಪ್ಪಿದನು, ಬೋಪು ಆ ಅಪ್ಪಣೆಯನ್ನು ನಡೆಸಿದನು ಅಷ್ಟೆ ಎಂದು ಮೂರನೆಯದು. ಯಾರು ಸರಿ ಎಂದು ತೀರ್ಮಾನಿಸುವುದು ಆ ಹೊತ್ತಿನ ಪಾಠವಾಗಿರಲಿಲ್ಲ. ಪ್ರತಿಯೊಂದು ಉತ್ತರವೂ ಕಥೆಯ ಆರಂಭವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನೋಡಿಸಿದೆವು. ನೋವೆಂದವರು ಆ ನೋವಾದ ದಿನವನ್ನು ಮೊದಲು ತೋರಿಸಬೇಕು. ಕಥೆ ಬೋಪುವಿನ ಮನೆಯಲ್ಲಿ ತೊಡಗುತ್ತದೆ. ಲೆಕ್ಕವೆಂದವರು ೧೭೯೦ರ ಸ್ನೇಹದಿಂದ ತೊಡಗಿ, ಕಂಪನಿಯ ಬಲವನ್ನು ಹತ್ತಿರದಿಂದ ಕಂಡ ಒಂದು ತಲೆಮಾರನ್ನೇ ತರಬೇಕು. ಅಪ್ಪಣೆಯೆಂದವರ ಕಥೆಯಲ್ಲಿ ಬೋಪು ನಾಯಕನೇ ಅಲ್ಲ. ಅದು ತಡಬಡಿಸುವ ಅರಸನ ಕಥೆ. ಒಂದು ಪಾತ್ರದ ಒಂದು ಸಂಕಲ್ಪವನ್ನು ಹೀಗಲ್ಲದೆ ಹಾಗೆ ಎಂದು ತಿಳಿದ ಕ್ಷಣದಲ್ಲಿ ಯಾವ ಘಟನೆ ಒಳಗೆ, ಯಾವುದು ಹೊರಗೆ, ಎಲ್ಲಿ ಮೊದಲು, ಯಾರು ಮುಖ್ಯರು ಎಂಬುದೆಲ್ಲವೂ ಸ್ಥಾನ ಬದಲಾಯಿಸುತ್ತದೆ. ವಿದ್ಯಾರ್ಥಿಗಳು ಇದನ್ನು ತಮ್ಮ ಕೈಯಾರೆ ಮಾಡಿ ಕಂಡರು.

ಆಮೇಲೆ ಕಾದಂಬರಿಯನ್ನು ತೆರೆದೆವು. ಮಾಸ್ತಿಯವರ ಬೋಪಣ್ಣ ಒಮ್ಮೆಲೇ ತಿರುಗಿಬೀಳುವವನಲ್ಲ. ಸಿಂಹಾಸನಕ್ಕೆ ಸಲ್ಲಬೇಕಾದ ನಿಷ್ಠೆ ಒಂದು, ನಾಡಿಗೆ ಸಲ್ಲಬೇಕಾದುದು ಇನ್ನೊಂದು. ಇವೆರಡೂ ಒಂದೇ ಆಗಿದ್ದ ಕಾಲದಲ್ಲಿ ಬೆಳೆದ ಮನುಷ್ಯನಿಗೆ ಅವು ಬೇರೆಯಾಗುತ್ತಿರುವುದು ಮೆಲ್ಲಮೆಲ್ಲನೆ ಅರಿವಾಗುತ್ತದೆ. ಅವನ ಪಕ್ಕದಲ್ಲಿ ಲಕ್ಷ್ಮೀನಾರಾಯಣಯ್ಯನನ್ನು ಇಟ್ಟಿರುವುದರಿಂದ, ಅದೇ ಸಂಕಟದಲ್ಲಿ ಬೇರೆ ಸ್ವಭಾವದವನು ಹೇಗೆ ನಡೆಯುವನೆಂಬುದೂ ಗೊತ್ತಾಗುತ್ತದೆ. ರಾಣಿ ಗೌರಮ್ಮನ ಪಾತ್ರವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಪತಿವ್ರತೆ, ಸಹನಾಶೀಲೆ’ ಎಂದು ಮುಗಿಸಿಬಿಡುತ್ತಾರೆ. ಕಥೆಯ ದೃಷ್ಟಿಯಿಂದ ಅವಳ ಸಹನೆಗೆ ಒಂದು ಕೆಲಸವಿದೆ. ಅರಮನೆಯಲ್ಲಿ ಅವಳಂಥವಳೊಬ್ಬಳು ಇರುವ ತನಕ ಮಂತ್ರಿಗಳಿಗೆ ಆಸೆ ಪೂರ್ತಿ ಆರುವುದಿಲ್ಲ. ಆಸೆ ಆರದುದರಿಂದ ಅವರು ತಡೆಯುತ್ತಾರೆ. ಅವರು ತಡೆದುದರಿಂದ ಕೇಡು ಬಲಿಯುತ್ತದೆ. ಒಳ್ಳೆಯತನವೂ ಹೀಗೆ ದುರಂತದ ಹೆಣಿಗೆಯಲ್ಲಿ ಒಂದು ಎಳೆಯಾಗುವುದು ರಾಕ್ಷಸನ ಪಾಠವನ್ನು ನೆನಪಿಗೆ ತಂದಿತು.

ಬಸವನ ಜನ್ಮರಹಸ್ಯದ ಮಾತಿಗೆ ಬರುತ್ತೇವೆ. ನಾವು ಹೊಡೆದುಹಾಕಿದ ವಾಕ್ಯ ಅದಲ್ಲವೆ? ಭಗವತಿಗೆ ಲಿಂಗರಾಜನಿಂದ ಹುಟ್ಟಿದವನು ಬಸವನೆಂಬುದು ಕಾದಂಬರಿಯ ಕಟ್ಟಡ. ಪ್ರಾಚೀನರು ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ವಿಭಾಗಿಸಿದ್ದಾರಷ್ಟೆ. ಐತಿಹಾಸಿಕ ಕಾದಂಬರಿ ಮಿಶ್ರದ ಜಾತಿ. ಅದರಲ್ಲಿ ಉತ್ಪಾದ್ಯವಾದ ಭಾಗ ಯಾವುದೆಂದು ಗುರುತಿಸಿ ಕೈಬಿಡುವುದಷ್ಟೇ ಇತಿಹಾಸದವರ ಕೆಲಸವೆಂದು ನಾವು ತಿಳಿದಿದ್ದೆವು. ಉತ್ಪಾದ್ಯವು ಏಕೆ ಬೇಕಾಯಿತೆಂದು ಕೇಳುವುದೇ ಹೆಚ್ಚು ಫಲಕಾರಿಯೆಂದು ಈಗ ತೋರುತ್ತದೆ. ಅರಸನು ಬಸವನನ್ನು ಕೊನೆಯ ತನಕ ಬಿಡಲಾರದೆ ಹೋದುದಕ್ಕೆ ಬಾಲ್ಯದ ಒಡನಾಟವೇ ಸಾಕಾಗಿತ್ತು. ರಕ್ತಸಂಬಂಧವನ್ನು ತಂದುದರಿಂದ ಹೆಣಿಗೆ ಸ್ವಲ್ಪ ಅತಿಯಾಗಿ ಬಿಗಿದಂತಾಯಿತೆಂದು, ಮಾಸ್ತಿಯವರಲ್ಲಿ ನಮಗಿರುವ ಗೌರವಕ್ಕೆ ಕುಂದಿಲ್ಲದೆ, ಹೇಳಬೇಕಾಗಿದೆ. ಆದರೆ ಅದರಿಂದ ಆದ ಲಾಭವೂ ಉಂಟು. ಕೇಡು ಒಬ್ಬ ಚಿಕವೀರನಲ್ಲಿ ಹುಟ್ಟಿದ್ದಲ್ಲ. ಅಣ್ಣನ ಮಗಳನ್ನು ಸರಿಸಿ ಗದ್ದುಗೆಯೇರಿದ ತಂದೆಯ ಕಾಲದಿಂದ ಆ ಮನೆಯೊಳಗೆ ಹರಿದುಬಂದದ್ದು ಎಂಬ ಅರ್ಥ ಅದರಿಂದ ಬರುತ್ತದೆ. ‘ಅರಸ ದುಷ್ಟ, ರಾಜ್ಯ ಹೋಯಿತು’ ಎಂಬ ವಾಕ್ಯದಿಂದ ಕಾದಂಬರಿಕಾರರು ತಪ್ಪಿಸಿಕೊಂಡ ದಾರಿ ಇದು. ಘಟನೆಯಲ್ಲಿ ಸುಳ್ಳಾದುದು ಕಾರಣದಲ್ಲಿ ನಿಜಕ್ಕೆ ಹತ್ತಿರವಾಗಿರಬಹುದು. ನಮ್ಮ ಕೆಂಪು ಶಾಯಿ ಅದನ್ನು ಕಾಣಲಿಲ್ಲ.

ಇನ್ನು ನಾವು ಸರಿಯೆಂದು ಗುರುತು ಹಾಕಿದ ವಾಕ್ಯ. ಅದು ವಿದ್ಯಾರ್ಥಿಗೆ ಪಠ್ಯಪುಸ್ತಕದಿಂದ ಬಂದಿತು. ಪಠ್ಯಪುಸ್ತಕಕ್ಕೆ ಹಳೆಯ ಆಂಗ್ಲ ಗ್ರಂಥಗಳಿಂದ. ಅವುಗಳಿಗೆ ೧೮೩೪ರ ಘೋಷಣೆಯಿಂದ. ಪ್ರಜೆಗಳ ಏಕಮತದ ಇಚ್ಛೆಯ ಮೇರೆಗೆ ನಾಡನ್ನು ಸೇರಿಸಿಕೊಂಡುದಾಗಿ ಹೇಳಿದುದು ಆ ಘೋಷಣೆ. ತರಗತಿಯಲ್ಲಿ ಅದನ್ನು ನಾವು ಕಾದಂಬರಿಯ ಒಂದು ಅಧ್ಯಾಯವನ್ನು ಓದುವಂತೆ ಓದಿದೆವು. ಕಥೆಯನ್ನು ಎಲ್ಲಿಂದ ತೊಡಗಿದೆ? ಅರಸನ ಕ್ರೌರ್ಯದಿಂದ, ೧೭೯೦ರ ಸ್ನೇಹದಿಂದಲ್ಲ. ಪಾತ್ರಗಳು ಯಾರು? ದುಷ್ಟನಾದ ಒಬ್ಬ ಅರಸ, ನ್ಯಾಯಪರವಾದ ಒಂದು ಸರ್ಕಾರ, ಹಾಗೂ ‘ಪ್ರಜೆಗಳು’ ಎಂಬ ಮೂರನೆಯ ಪಾತ್ರ. ಈ ಮೂರನೆಯ ಪಾತ್ರಕ್ಕೆ ಒಂದೇ ಮನಸ್ಸು, ಒಂದೇ ಬಾಯಿ. ಹೊರಗೆ ಉಳಿದುದೇನು? ಉತ್ತರದಿಂದ ಬಂದ ದಳಕ್ಕೆ ಕೊಡಗಿನವರು ಅಡ್ಡ ನಿಂತು ಅದನ್ನು ಹಿಮ್ಮೆಟ್ಟಿಸಿದುದು ಹೊರಗೆ ಉಳಿಯಿತು. ಏಕಮತದಿಂದ ಆಂಗ್ಲರನ್ನು ಬಯಸಿದವರು ಏಪ್ರಿಲ್ ತಿಂಗಳಿನಲ್ಲಿ ಅವರ ಮೇಲೆ ಗುಂಡು ಹಾರಿಸಿದುದೇಕೆ ಎಂದು ಒಬ್ಬ ಹುಡುಗ ಕೇಳಿದಾಗ, ಈ ಪಾಠಕ್ಕೆ ನಾವು ಪಟ್ಟ ಶ್ರಮ ಸಾರ್ಥಕವಾಯಿತೆನ್ನಿಸಿತು.

ಕಥೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಇದಕ್ಕಿಂತ ಹೆಚ್ಚಿನದು. ಘೋಷಣೆಯ ಕಥೆ ೧೮೩೪ರ ಮೇ ತಿಂಗಳಲ್ಲಿ ಮಂಗಳವಾಗಿ ಮುಗಿಯುತ್ತದೆ. ಮೂರು ವರ್ಷ ಮುಂದಕ್ಕೆ ಹೋದರೆ ಸಾಕು, ಆ ಮಂಗಳ ಉಳಿಯುವುದಿಲ್ಲ. ಕೊಡಗಿನಿಂದ ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದ ಅಮರಸುಳ್ಯದ ಸೀಮೆಯಲ್ಲಿ ೧೮೩೭ರಲ್ಲಿ ಜನ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು, ಹಾಲೇರಿ ಅರಸುಮನೆತನವನ್ನು ಮತ್ತೆ ನಿಲ್ಲಿಸುವೆವೆಂದು ಹೊರಟು ಮಂಗಳೂರಿನ ತನಕ ನಡೆದರು. ಆ ಕ್ಷೋಭೆಯಲ್ಲಿ ಬೋಪು ದಿವಾನನು ಆಂಗ್ಲರ ಪಕ್ಷದಲ್ಲಿ ನಿಂತನು. ದಿವಾನ ಲಕ್ಷ್ಮೀನಾರಾಯಣನನ್ನು ಆಂಗ್ಲರು ಸಂಶಯದ ಮೇಲೆ ಸೆರೆಹಿಡಿದರು. ೧೮೩೪ರಲ್ಲಿ ಒಂದೇ ಅರಸನ ಸೇವೆಯಲ್ಲಿದ್ದ ಇಬ್ಬರು ೧೮೩೭ರಲ್ಲಿ ಎರಡು ದಿಕ್ಕಿಗೆ ಬಿದ್ದುದನ್ನು ಕಂಡ ಮೇಲೆ, ‘ಪ್ರಜೆಗಳ ಏಕಮತ’ ಎಂಬ ಪಾತ್ರವನ್ನು ಯಾವ ವಿಮರ್ಶಕನೂ ಸಜೀವವೆಂದು ಒಪ್ಪಲಾರ. ನಾವು ಹತ್ತು ವರ್ಷಗಳಿಂದ ಅದನ್ನು ಒಪ್ಪಿಕೊಂಡೇ ಬಂದಿದ್ದೆವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಘೋಷಣೆ ಕಟ್ಟುಕಥೆಯೆಂದೊಡನೆ ವಿದ್ಯಾರ್ಥಿಗಳಲ್ಲಿ ಕೆಲವರು ಅತ್ಯುತ್ಸಾಹದಿಂದ ಅದನ್ನು ತಲೆಕೆಳಗು ಮಾಡಿದರು. ಚಿಕವೀರರಾಜೇಂದ್ರನು ದೇಶಭಕ್ತನಾದ ವೀರನಾಗಿ, ಬೋಪು ದ್ರೋಹಿಯಾಗಿ ಪರಿಣಮಿಸಿದರು. ಅರಸನು ತನ್ನ ಬಂಧುಗಳನ್ನು ಕೊಲ್ಲಿಸಿದ ಸಂಗತಿಗಳನ್ನು ಮರೆಯುವಂತಿಲ್ಲ. ಪಾದ್ರಿ ಮೋಗ್ಲಿಂಗನು ೧೮೫೫ರಲ್ಲಿ ಬರೆದ ಕೊಡಗಿನ ವೃತ್ತಾಂತದಲ್ಲಿ ಮಿಷನರಿಯ ಮನೋಧರ್ಮ ಎಷ್ಟೇ ಬೆರೆತಿದ್ದರೂ ಆ ಕೊಲೆಗಳು ಅವನ ಕಲ್ಪನೆಯಲ್ಲ. ಸಿಕ್ಕಿಬಿದ್ದ ಮೇಲೆ ಅರಸನು ಅಪರಾಧಗಳ ಹೊರೆಯನ್ನು ಬಸವನ ಮೇಲೆ ಹೊರಿಸಿದುದೂ ಅವನ ಶೀಲಕ್ಕೆ ಸಾಕ್ಷಿಯೇ. ಸತ್ತವನಿಂದ ಮರುಮಾತು ಬಾರದಷ್ಟೆ. ಅವನೇ ಮುಂದೆ ಕಾಶಿಯಲ್ಲಿ ವರ್ಷಗಳನ್ನು ಕಳೆದು, ೧೮೫೨ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ಕ್ರೈಸ್ತದೀಕ್ಷೆಯಾದುದನ್ನು ಕಂಡು, ೧೮೫೯ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಇಂಥ ಬಾಳನ್ನು ‘ದುಷ್ಟ’ ಎಂಬ ಮಾತೂ ಹಿಡಿಯಲಾರದು, ‘ವೀರ’ ಎಂಬುದೂ ಹಿಡಿಯಲಾರದು. ತಲೆಕೆಳಗಾದ ಕಥೆಯ ದೋಷ ಮೊದಲಿನ ಕಥೆಯದೇ: ಪಾತ್ರಗಳಿಗೆ ಬಣ್ಣ ಬದಲಾಯಿತೇ ಹೊರತು ಅವರಿಗೆ ಆರಿಸುವ ಶಕ್ತಿ ಬರಲಿಲ್ಲ.

ಈ ಕ್ರಮಕ್ಕೆ ಸಾಹಿತ್ಯ ವಿಭಾಗದ ಮಿತ್ರರಿಂದ ಎರಡು ಆಕ್ಷೇಪಗಳು ಬಂದವು. ಎಲ್ಲ ಒಳ್ಳೆಯ ಕಥೆಗಳೂ ಸಂಕಲ್ಪದ ಗಂಟಿನ ಮೇಲೆ ನಿಂತಿರುವುದಿಲ್ಲ ಎಂಬುದು ಒಂದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳ ಬಾಳು ಹರಿಯುತ್ತದೆ, ಅಲ್ಲಿ ದುಡಿಮೆ, ಮಳೆ, ಕಡಲು, ಬಡತನ ಇವು ಯಾರ ಸಂಕಲ್ಪವನ್ನೂ ಕೇಳುವುದಿಲ್ಲ. ಈ ಆಕ್ಷೇಪವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಅಂಥ ಕೃತಿಗಳಿಗೆ ನಮ್ಮ ಅಳತೆಗೋಲು ಸಾಲದು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಹೆಸರಿಸಿ, ಅಲ್ಲಿ ಪ್ರಾಣೇಶಾಚಾರ್ಯರು ನಿರ್ಧರಿಸಲಾರದೆ ಹೋಗುವುದೇ ಕಥೆಯೆಂದವರೂ ಉಂಟು. ಅದು ನಮಗೆ ವಿರೋಧವಾಗಿ ತೋರಲಿಲ್ಲ. ಹೆಣ ಕಾಯುತ್ತಿರುವಾಗ ನಿರ್ಧರಿಸದಿರುವುದೂ ಒಂದು ಕ್ರಿಯೆಯೇ, ಇಡೀ ಅಗ್ರಹಾರ ಅದರ ಫಲವನ್ನು ಅನುಭವಿಸುತ್ತದೆ.

ಎರಡನೆಯ ಆಕ್ಷೇಪ ಸ್ವಲ್ಪ ಕಟುವಾದುದು: ಕಾದಂಬರಿಯನ್ನು ದಾಖಲೆಯೊಡನೆ ಇಟ್ಟು ನೋಡಿದರೆ ರಸಾಸ್ವಾದಕ್ಕೆ ಭಂಗವಾಗುತ್ತದೆ, ವಿದ್ಯಾರ್ಥಿ ಪುಟಪುಟಕ್ಕೂ ‘ಇದು ನಡೆಯಿತೇ’ ಎಂದು ಕೇಳತೊಡಗುತ್ತಾನೆ. ಮೊದಲ ವರ್ಷ ಹಾಗೆ ಆದುದು ನಿಜ. ಒಂದು ತರಗತಿ ಪೂರ್ತಿ ಭಗವತಿ ಇದ್ದಳೇ ಇಲ್ಲವೇ ಎಂಬ ಜಗಳದಲ್ಲಿ ಕಳೆಯಿತು. ತರುವಾಯ ಕ್ರಮವನ್ನು ಬದಲಾಯಿಸಿದೆವು. ಮೊದಲು ಕಾದಂಬರಿಯನ್ನು ಯಾವ ಟಿಪ್ಪಣಿಯೂ ಇಲ್ಲದೆ ರಜೆಯಲ್ಲಿ ಓದಿಸುವುದು, ರಜೆ ಮುಗಿದ ಮೇಲೆ ಒಣ ವಾಕ್ಯಗಳನ್ನು ಕೊಡುವುದು, ಕೊನೆಗೆ ಘೋಷಣೆ. ಕಥೆಯ ಸುಖವನ್ನು ಒಮ್ಮೆ ಪೂರ್ತಿಯಾಗಿ ಪಡೆದವರು ಮಾತ್ರ ಅದರ ಹೆಣಿಗೆಯನ್ನು ಬಿಚ್ಚಲು ಬೇಸರಪಡುವುದಿಲ್ಲವೆಂಬುದು ನಮ್ಮ ಅನುಭವ. ಇದಕ್ಕೆ ಆರು ತರಗತಿಗಳು ಬೇಕಾಗುತ್ತವೆ. ಪಠ್ಯಕ್ರಮದಲ್ಲಿ ಕೊಡಗಿಗೆ ಎರಡಕ್ಕಿಂತ ಹೆಚ್ಚು ದೊರೆಯವು. ಉಳಿದ ನಾಲ್ಕನ್ನು ಕರ್ನಾಟಕ ಯುದ್ಧಗಳ ಪಾಲಿನಿಂದ ಕದಿಯಬೇಕಾಯಿತೆಂದು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು. ಆ ವರ್ಷದ ವಿದ್ಯಾರ್ಥಿಗಳಿಗೆ ಆರ್ಕಾಟಿನ ಮುತ್ತಿಗೆ ಸರಿಯಾಗಿ ಬಾರದು.

ಪ್ರಶ್ನಪತ್ರಿಕೆಯನ್ನೂ ತಿದ್ದಿದೆವು. ‘ಕೊಡಗಿನ ಪತನಕ್ಕೆ ಕಾರಣಗಳೇನು?’ ಎಂಬುದರ ಸ್ಥಾನದಲ್ಲಿ ಈಗ ಬರುವ ಪ್ರಶ್ನೆ ಇದು: ‘೧೮೩೪ರ ಏಪ್ರಿಲಿನಲ್ಲಿ ದಿವಾನ ಬೋಪುವಿಗೆ ಇದ್ದ ಮಾರ್ಗಗಳಾವುವು? ಅವನು ಹಿಡಿದ ಮಾರ್ಗವನ್ನು ಘೋಷಣೆಯೂ ಕಾದಂಬರಿಯೂ ಹೇಗೆ ಹೇಗೆ ಅರ್ಥೈಸುತ್ತವೆ? ೧೮೩೭ರ ಸಂಗತಿಗಳು ಯಾವುದಕ್ಕೆ ಹೆಚ್ಚು ಹೊಂದುತ್ತವೆ?’ ಉತ್ತರಗಳು ಮೊದಲಿನಷ್ಟು ಅಂದವಾಗಿ ಬರುತ್ತಿಲ್ಲ. ಅಂಕ ಕೊಡುವುದು ಕಷ್ಟವಾಗಿದೆ. ಗೈಡಿನಲ್ಲಿ ಇದಕ್ಕೆ ಉತ್ತರ ಇನ್ನೂ ಅಚ್ಚಾಗಿಲ್ಲ. ಕಳೆದ ಸಲದ ಒಂದು ಉತ್ತರದಲ್ಲಿ, ಬೋಪುವಿನ ಮನಸ್ಸು ತನಗೆ ತಿಳಿಯದೆಂದೂ, ಆದರೆ ಘೋಷಣೆಯನ್ನು ಬರೆದವರಿಗೂ ಅದು ತಿಳಿದಿರಲಿಲ್ಲವೆಂದೂ ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು. ಅದರ ಪಕ್ಕದಲ್ಲಿ ಏನು ಗುರುತು ಹಾಕಬೇಕೆಂದು ನಾವು ಬಹಳ ಹೊತ್ತು ಯೋಚಿಸಿದೆವು.